ಮೊದಲು ಕಂಟ್ರೋಲರ್, ಆಮೇಲೆ ಲ್ಯಾಪ್‌ಟಾಪ್: ಡಿಜೆ ಸಾಮಾನು ಆರಿಸುವ ಬಗೆ

ಡಿಜೆ ಕಲಿಯಲು ಹೊರಟವರು ನನ್ನ ಹತ್ತಿರ ಮೊದಲು ಕೇಳುವುದು ಲ್ಯಾಪ್‌ಟಾಪ್ ಬಗ್ಗೆ. ಎಷ್ಟು ರ‍್ಯಾಮ್ ಬೇಕು? ಮ್ಯಾಕ್ ಇಲ್ಲದೆ ಆಗಲ್ವಾ? ಗೇಮಿಂಗ್ ಲ್ಯಾಪ್‌ಟಾಪ್ ಒಳ್ಳೆಯದಾ? ನಾನು ತಿರುಗಿ ಬೇರೆಯೇ ಪ್ರಶ್ನೆ ಕೇಳುತ್ತೇನೆ. ಹಾಡು ಹಾಕುವುದು ಎಲ್ಲಿ, ಯಾರ ಮುಂದೆ? ಕೋಣೆಯಲ್ಲಿ ಒಬ್ಬರೇ ಕಲಿಯುವುದಾ, ಗೆಳೆಯರ ಪಾರ್ಟಿಗಾ, ದುಡ್ಡು ತೆಗೆದುಕೊಂಡು ಕಾರ್ಯಕ್ರಮ ಮಾಡುವುದಾ? ಈ ಉತ್ತರ ಸಿಕ್ಕರೆ ಉಳಿದ ಅರ್ಧ ಪ್ರಶ್ನೆಗಳು ತಾವಾಗಿಯೇ ಬಿದ್ದುಹೋಗುತ್ತವೆ.

ಜಾಗ ತಿಳಿದ ಮೇಲೆ ಸಾಫ್ಟ್‌ವೇರ್. ಸಾಫ್ಟ್‌ವೇರ್‌ಗೆ ತಕ್ಕ ಕಂಟ್ರೋಲರ್, ಅಂದರೆ ಆ ಸಾಫ್ಟ್‌ವೇರನ್ನು ಕೈಯಿಂದ ನಡೆಸುವ ಗುಂಡಿ, ತಟ್ಟೆಗಳ ಪೆಟ್ಟಿಗೆ. ಆ ಎರಡನ್ನೂ ತಡವರಿಸದೆ ಓಡಿಸುವ ಲ್ಯಾಪ್‌ಟಾಪ್. ಸ್ಪೀಕರ್ ಮತ್ತೆ ಜಾಗಕ್ಕೆ ತಕ್ಕಂತೆ. ಈ ಕ್ರಮವನ್ನು ನಾನು ಬಿಡುವುದಿಲ್ಲ. ಕಾರಣ ಸರಳ. ಕೈಗೆ ಸಿಗುವುದು ಕಂಟ್ರೋಲರ್, ಕಿವಿಗೆ ಬೀಳುವುದು ಸ್ಪೀಕರ್. ದುಡ್ಡು ಅಲ್ಲಿಗೆ ಹೋಗಬೇಕು. ಲ್ಯಾಪ್‌ಟಾಪ್ ಮಾಡಬೇಕಾದ ಕೆಲಸ ಒಂದೇ: ನಡುವೆ ನಿಲ್ಲಬಾರದು. ಓಟದಲ್ಲಿ ಗೆಲ್ಲುವ ಲ್ಯಾಪ್‌ಟಾಪ್ ಬೇಕಿಲ್ಲ.

ಸಾಫ್ಟ್‌ವೇರ್: ಇಲ್ಲಿ ಜಾಸ್ತಿ ಹೊತ್ತು ನಿಲ್ಲಬೇಡಿ

ಸೆರಾಟೊ, ರೆಕಾರ್ಡ್‌ಬಾಕ್ಸ್, ಟ್ರ್ಯಾಕ್ಟರ್, ವರ್ಚುವಲ್ ಡಿಜೆ, ಡಿಜೇ (djay), ಮಿಕ್ಸ್ (Mixxx). ಎರಡು ಹಾಡು ಬೆರೆಸುವ ಕೆಲಸ ಎಲ್ಲವೂ ಚೆನ್ನಾಗಿಯೇ ಮಾಡುತ್ತವೆ. ಯಾವುದರ ಧ್ವನಿ ಚೆಂದ ಎಂಬ ವಾದದಲ್ಲಿ ಸಮಯ ಕಳೆಯಬೇಡಿ. ವ್ಯತ್ಯಾಸ ಇರುವುದು ಬೇರೆ ಕಡೆ.

ಮುಂದೆ ಕ್ಲಬ್‌ನಲ್ಲಿ ನುಡಿಸುವ ಆಸೆ ಇದ್ದರೆ ರೆಕಾರ್ಡ್‌ಬಾಕ್ಸ್ ಕಲಿಯಿರಿ. ಕ್ಲಬ್‌ಗಳಲ್ಲಿ ಹೆಚ್ಚಾಗಿ ಕಾಣಸಿಗುವುದು ಪಯನಿಯರ್ ಡಿಜೆಯ ಸಿಡಿಜೆ ಪ್ಲೇಯರ್‌ಗಳು. ರೆಕಾರ್ಡ್‌ಬಾಕ್ಸ್‌ನಲ್ಲಿ ಹಾಡುಗಳನ್ನು ಜೋಡಿಸಿ, ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋದರೆ ಅಲ್ಲಿ ನೇರವಾಗಿ ಓದುತ್ತವೆ. ಕ್ಯೂ ಪಾಯಿಂಟ್ (ಹಾಡಿನಲ್ಲಿ ನೀವು ಗುರುತು ಹಾಕಿದ ಜಾಗ), ಬೀಟ್ ಗ್ರಿಡ್ (ಬೀಟ್ ಎಲ್ಲೆಲ್ಲಿ ಬೀಳುತ್ತದೆ ಎಂಬ ಗೆರೆಗಳು) ಎಲ್ಲ ಜೊತೆಗೇ ಬರುತ್ತವೆ. ಸ್ಕ್ರ್ಯಾಚ್ (ತಟ್ಟೆಯನ್ನು ಹಿಂದೆ ಮುಂದೆ ಉಜ್ಜಿ ಸದ್ದು ಮಾಡುವುದು), ಹಿಪ್‌ಹಾಪ್ ಕಡೆ ಮನಸ್ಸಿದ್ದರೆ ಸೆರಾಟೊ ಬಳಸುವವರ ಬಳಗ ದೊಡ್ಡದು. ಯಾವುದೋ ಹಳೆಯ ಕಂಟ್ರೋಲರ್ ಕೈಗೆ ಸಿಕ್ಕಿದೆ, ಯಾವುದಕ್ಕೂ ಹೊಂದುತ್ತಿಲ್ಲ ಅಂದರೆ ವರ್ಚುವಲ್ ಡಿಜೆಯಲ್ಲಿ ಒಮ್ಮೆ ನೋಡಿ. ಅದು ಗುರುತಿಸುವ ಕಂಟ್ರೋಲರ್‌ಗಳ ಪಟ್ಟಿ ತುಂಬ ಉದ್ದ. ಒಂದು ಕಾಸೂ ಖರ್ಚು ಮಾಡುವ ಹಾಗಿಲ್ಲದಿದ್ದರೆ ಮಿಕ್ಸ್ ಇದೆ. ಅದು ಉಚಿತ, ಓಪನ್ ಸೋರ್ಸ್, ಲಿನಕ್ಸ್‌ನಲ್ಲೂ ಓಡುತ್ತದೆ.

ಒಂದು ಎಚ್ಚರ. ಕಂಟ್ರೋಲರ್ ಡಬ್ಬದ ಮೇಲೆ ಸಾಫ್ಟ್‌ವೇರ್ ಹೆಸರು ಇದ್ದ ಮಾತ್ರಕ್ಕೆ ಪೂರ್ತಿ ಆವೃತ್ತಿ ಸಿಗುತ್ತದೆ ಎಂದಲ್ಲ. ಸೆರಾಟೊ ಡಿಜೆ ಲೈಟ್ ಜೊತೆಗೆ ಬರುವ ಕಂಟ್ರೋಲರ್ ಕೊಂಡು, ಆರು ತಿಂಗಳಾದ ಮೇಲೆ ಪ್ರೊ ಬೇಕೆನಿಸಿದರೆ ಅದಕ್ಕೆ ಬೇರೆ ದುಡ್ಡು. ಕೆಲವು ಕಂಟ್ರೋಲರ್‌ಗಳು ಪ್ಲಗ್ ಮಾಡಿದ ಕೂಡಲೇ ಪೂರ್ತಿ ಸಾಫ್ಟ್‌ವೇರ್ ತೆರೆದುಕೊಡುತ್ತವೆ. ಈ ಖರ್ಚನ್ನೂ ಕಂಟ್ರೋಲರ್ ಬೆಲೆಗೆ ಸೇರಿಸಿ ಲೆಕ್ಕ ಹಾಕಿ.

ಕಂಟ್ರೋಲರ್: ನಿಮ್ಮ ಕೈ ಪಳಗುವ ಜಾಗ

ಕಂಟ್ರೋಲರ್ ಅಂದರೆ ಬರೀ ಗುಂಡಿಗಳ ಪೆಟ್ಟಿಗೆ ಅಲ್ಲ. ಅದರೊಳಗೆ ಒಂದು ಸೌಂಡ್ ಕಾರ್ಡ್ ಕೂತಿರುತ್ತದೆ. ಡಿಜೆಗೆ ಒಂದೇ ಹೊತ್ತಿಗೆ ಎರಡು ಬೇರೆ ಬೇರೆ ಧ್ವನಿ ಹೊರಬರಬೇಕು. ಜನರಿಗೆ ಕೇಳುವ ಹಾಡು ಸ್ಪೀಕರ್‌ಗೆ, ಮುಂದೆ ಬರಲಿರುವ ಹಾಡು ನಿಮ್ಮ ಹೆಡ್‌ಫೋನ್‌ಗೆ. ಲ್ಯಾಪ್‌ಟಾಪ್‌ನ ಒಂದೇ ಹೆಡ್‌ಫೋನ್ ಜಾಕ್‌ನಿಂದ ಇದು ಸರಿಯಾಗಿ ಆಗುವುದಿಲ್ಲ. ಹಾಗಾಗಿ ಯಾವ ಕಂಟ್ರೋಲರ್ ನೋಡಿದರೂ ಮೊದಲು ಕೇಳಬೇಕಾದ್ದು: ಒಳಗೆ ಸೌಂಡ್ ಕಾರ್ಡ್ ಇದೆಯಾ? ತೀರಾ ಅಗ್ಗದ ಕೆಲವು ಮಾದರಿಗಳಲ್ಲಿ ಇರುವುದಿಲ್ಲ. ಅವಕ್ಕೆ ಒಂದು ಸೀಳು ಕೇಬಲ್ ಕೊಡುತ್ತಾರೆ. ಒಂದು ಕಿವಿಯ ಚಾನೆಲ್ ಸ್ಪೀಕರ್‌ಗೆ, ಇನ್ನೊಂದು ಹೆಡ್‌ಫೋನ್‌ಗೆ ಹೋಗುತ್ತದೆ. ಸ್ಟೀರಿಯೊ ಹೋಯಿತು. ಅದನ್ನು ಕೊಳ್ಳಬೇಡಿ.

ಹೊಸಬರಿಗೆ ನಾನು ಪಕ್ಕಪಕ್ಕ ಇಟ್ಟು ನೋಡಿ ಎನ್ನುವುದು ನಾಲ್ಕು ಮಾದರಿ.

ಪಯನಿಯರ್ ಡಿಡಿಜೆ-ಎಫ್‌ಎಲ್‌ಎಕ್ಸ್4. 2022ರಲ್ಲಿ, ತುಂಬ ಜನ ಕಲಿತ ಡಿಡಿಜೆ-400ರ ಜಾಗಕ್ಕೆ ಬಂತು. ಎರಡು ಚಾನೆಲ್, ಅಂದರೆ ಒಂದೇ ಸಲಕ್ಕೆ ಎರಡು ಹಾಡು ಬೆರೆಸಬಹುದು. ರೆಕಾರ್ಡ್‌ಬಾಕ್ಸ್, ಸೆರಾಟೊ ಎರಡರಲ್ಲೂ ನಡೆಯುತ್ತದೆ. ಗುಂಡಿಗಳ ಜೋಡಣೆ ಕ್ಲಬ್ ಪ್ಲೇಯರ್‌ಗಳನ್ನು ಹೋಲುವುದೇ ಇದರ ದೊಡ್ಡ ಗುಣ. ಇಲ್ಲಿ ಕಲಿತ ಬೆರಳು ಅಲ್ಲಿ ಹುಡುಕಾಡುವುದಿಲ್ಲ. ಸ್ಪೀಕರ್‌ಗೆ ಹೋಗುವುದು ಆರ್‌ಸಿಎ ಮಾತ್ರ, ಮನೆಯ ಆಡಿಯೊ ಸಾಮಾನಿನಲ್ಲಿರುವ ಕೆಂಪು-ಬಿಳಿ ಪಿನ್. ದೊಡ್ಡ ಜಾಗಕ್ಕೆ ಉದ್ದ ಕೇಬಲ್ ಎಳೆಯುವವರಿಗೆ ಅದು ಕೊರತೆ.

ಹರ್ಕ್ಯುಲಿಸ್ ಡಿಜೆಕಂಟ್ರೋಲ್ ಇನ್‌ಪಲ್ಸ್ 300. ಕಿವಿಯಿಂದ ಬೀಟ್ ಹೊಂದಿಸುವುದನ್ನು ಕಲಿಸಲೆಂದೇ ಇದರಲ್ಲಿ ಪುಟ್ಟ ದೀಪಗಳಿವೆ. ಹಾಡು ನಿಧಾನವಿದೆಯಾ ವೇಗವಿದೆಯಾ, ಹಿಂದಿದೆಯಾ ಮುಂದಿದೆಯಾ ಎಂದು ಬಾಣದ ಗುರುತು ತೋರಿಸುತ್ತದೆ. ಸಿಂಕ್ ಗುಂಡಿ ಒತ್ತಿದರೆ ಯಂತ್ರ ಹೊಂದಿಸುತ್ತದೆ, ನೀವು ಕಲಿಯುವುದಿಲ್ಲ. ಈ ದೀಪಗಳು ದಾರಿ ತೋರಿಸಿ ಕೆಲಸವನ್ನು ನಿಮ್ಮ ಕೈಗೇ ಬಿಡುತ್ತವೆ. ಕಲಿಸುವ ಯಂತ್ರವಾಗಿ ಇದು ನನಗೆ ಬಹಳ ಇಷ್ಟ.

ನ್ಯೂಮಾರ್ಕ್ ಮಿಕ್ಸ್‌ಟ್ರ್ಯಾಕ್ ಪ್ಲಾಟಿನಂ ಎಫ್‌ಎಕ್ಸ್. 6 ಇಂಚಿನ ದೊಡ್ಡ ಜಾಗ್ ವೀಲ್ (ಹಾಡನ್ನು ಕೈಯಿಂದ ತಳ್ಳುವ, ಎಳೆಯುವ ತಟ್ಟೆ), ಅದರ ನಡುವೆ ಸಣ್ಣ ಪರದೆ. ಕೈ ದೊಡ್ಡದಿರುವವರಿಗೆ, ಸ್ಕ್ರ್ಯಾಚ್ ಅಭ್ಯಾಸ ಮಾಡುವವರಿಗೆ ಈ ಅಳತೆ ಹಿತ. ಗುಂಡಿ ಒತ್ತಿ ನಾಲ್ಕು ಡೆಕ್‌ವರೆಗೆ, ಅಂದರೆ ನಾಲ್ಕು ಹಾಡುಗಳವರೆಗೆ, ಬದಲಿಸಬಹುದು.

ಟ್ರ್ಯಾಕ್ಟರ್ ಕಂಟ್ರೋಲ್ ಎಸ್2 ಎಂಕೆ3. ಟ್ರ್ಯಾಕ್ಟರ್ ಸಾಫ್ಟ್‌ವೇರ್ ಇಷ್ಟವಾದವರಿಗೆ ಮಾತ್ರ. ಎರಡೂ ಒಂದೇ ಕಂಪನಿಯವು, ಹೊಂದಾಣಿಕೆ ಚೆನ್ನಾಗಿದೆ. ಬೇರೆ ಸಾಫ್ಟ್‌ವೇರ್‌ಗೆ ಹಾರುವ ಆಲೋಚನೆ ಇದ್ದರೆ ಇದು ಬೇಡ.

ನನ್ನ ಆಯ್ಕೆ ಹೇಳಿಬಿಡುತ್ತೇನೆ. ಕ್ಲಬ್ ಕಡೆ ಕಣ್ಣಿದ್ದರೆ ಎಫ್‌ಎಲ್‌ಎಕ್ಸ್4. ಖುಷಿಗೆ ಕಲಿಯುವುದಾದರೆ ಇನ್‌ಪಲ್ಸ್ 300. ಎರಡರ ನಡುವೆ ತುಂಬ ತಲೆಕೆಡಿಸಿಕೊಳ್ಳುವಷ್ಟು ಅಂತರ ಇಲ್ಲ.

ಹೋಲಿಸುವಾಗ ಪ್ಯಾಡ್ ಎಷ್ಟು, ಎಫೆಕ್ಟ್ ಎಷ್ಟು ಎಂದು ಎಲ್ಲರೂ ಎಣಿಸುತ್ತಾರೆ. ನಾನು ನೋಡುವುದು ಟೆಂಪೊ ಫೇಡರ್. ಹಾಡಿನ ವೇಗ ಏರಿಸಿ ಇಳಿಸುವ ಆ ಉದ್ದನೆಯ ಕಡ್ಡಿ. ಅದು ಗಿಡ್ಡವಿದ್ದಷ್ಟೂ ಸೂಕ್ಷ್ಮವಾಗಿ ಸರಿಸುವುದು ಕಷ್ಟ. ಇನ್ನೊಂದು ಕಣ್ಣಿಗೆ ಕಾಣದ ವಿಷಯ. ಕಂಟ್ರೋಲರ್ ಲ್ಯಾಪ್‌ಟಾಪ್ ಜೊತೆ ಮಾತಾಡುವುದು ಮಿಡಿ ಪದ್ಧತಿಯಲ್ಲಿ; 1983ರಲ್ಲಿ ಬಂದ ಅದರಲ್ಲಿ ಒಂದು ಸಾಮಾನ್ಯ ಸಂದೇಶಕ್ಕೆ 0ಯಿಂದ 127ರವರೆಗೆ, ಅಂದರೆ 128 ಮೆಟ್ಟಿಲು ಮಾತ್ರ. ಫೇಡರ್‌ನ ವ್ಯಾಪ್ತಿ ಮೇಲೆ 8, ಕೆಳಗೆ 8, ಒಟ್ಟು 16 ಪ್ರತಿಶತ ಎಂದುಕೊಳ್ಳಿ. ಒಂದು ಮೆಟ್ಟಿಲಿಗೆ 0.125 ಪ್ರತಿಶತ ಆಯಿತು. ನಿಮಗೆ ಬೇಕಾದ ವೇಗ ಎರಡು ಮೆಟ್ಟಿಲುಗಳ ಮಧ್ಯೆ ಬಿದ್ದರೆ ಅರ್ಧ ನಿಮಿಷದಲ್ಲಿ ಎರಡು ಹಾಡುಗಳು ಸುಮಾರು 19 ಮಿಲಿಸೆಕೆಂಡ್ ದೂರ ಸರಿಯುತ್ತವೆ. ಡ್ರಮ್ ಏಟು ಎರಡೆರಡಾಗಿ ಕೇಳಿಸಲು ಶುರುವಾಗುವುದು ಹೆಚ್ಚುಕಡಿಮೆ ಅಲ್ಲೇ. ಒಳ್ಳೆಯ ಕಂಟ್ರೋಲರ್‌ಗಳು ಟೆಂಪೊ ಫೇಡರ್‌ಗೆ ಎರಡು ಸಂದೇಶ ಸೇರಿಸಿ 16,384 ಮೆಟ್ಟಿಲು ಕೊಡುತ್ತವೆ. ಹಳೆಯ ಅಗ್ಗದ ಕಂಟ್ರೋಲರ್ ಸೆಕೆಂಡ್‌ಹ್ಯಾಂಡ್ ಕೊಳ್ಳುವಾಗ ಇದನ್ನು ಪರೀಕ್ಷೆ ಮಾಡಿ. ಫೇಡರ್ ಮೆಲ್ಲಗೆ ಸರಿಸಿ ಪರದೆಯ ಮೇಲಿನ ಬಿಪಿಎಂ (ನಿಮಿಷಕ್ಕೆ ಎಷ್ಟು ಬೀಟ್) ನೋಡಿ. 128.00ರಿಂದ 128.16ಕ್ಕೆ ಒಮ್ಮೆಲೇ ಹಾರಿದರೆ ಬಿಟ್ಟುಬಿಡಿ.

ದುಡ್ಡಿಗೆ ನುಡಿಸುವವರು ಹಿಂಬದಿ ನೋಡಿ ಕೊಳ್ಳಬೇಕು. ಮುಂಬದಿಯಲ್ಲಿ ಮಿನುಗುವ ದೀಪ ಕಾರ್ಯಕ್ರಮ ಉಳಿಸುವುದಿಲ್ಲ, ಹಿಂಬದಿಯ ತೂತುಗಳು ಉಳಿಸುತ್ತವೆ. ಉದ್ದ ಕೇಬಲ್‌ನಲ್ಲೂ ಹೊರಗಿನ ಗದ್ದಲ ಹಿಡಿಯದ ಎಕ್ಸ್‌ಎಲ್‌ಆರ್ ಔಟ್‌ಪುಟ್ ಬೇಕು. ನಿಮ್ಮ ಪಕ್ಕದ ಸ್ಪೀಕರ್‌ಗೆ ಬೇರೆ ಬೂತ್ ಔಟ್‌ಪುಟ್ ಬೇಕು. ಮೈಕ್‌ಗೆ ತನ್ನದೇ ವಾಲ್ಯೂಮ್, ತನ್ನದೇ ಇಕ್ಯೂ (ಬಾಸ್, ಟ್ರೆಬಲ್ ಹೊಂದಿಸುವ ಗುಂಡಿ) ಇರಬೇಕು. ಮದುವೆಯೋ ಹುಟ್ಟುಹಬ್ಬವೋ, ಯಾರಾದರೂ ಮೈಕ್ ಕೇಳಿಯೇ ಕೇಳುತ್ತಾರೆ. ಮೈಕ್ ಧ್ವನಿ ರೆಕಾರ್ಡಿಂಗ್‌ಗೂ ಹೋಗುತ್ತದಾ ಎಂದೂ ನೋಡಿಕೊಳ್ಳಿ.

ಮೋಟಾರ್ ಇರುವ ಪ್ಲ್ಯಾಟರ್ ಬಗ್ಗೆ ಒಂದು ಮಾತು. ರೇನ್ ಒನ್, ಡಿಡಿಜೆ-ಆರ್‌ಇವಿ7 ಇಂಥವುಗಳಲ್ಲಿ ತಟ್ಟೆ ನಿಜವಾಗಿಯೂ ತಿರುಗುತ್ತದೆ. 1972ರಲ್ಲಿ ಬಂದ ಟೆಕ್ನಿಕ್ಸ್ ಎಸ್‌ಎಲ್-1200 ಟರ್ನ್‌ಟೇಬಲ್ ಕಲಿಸಿಕೊಟ್ಟ ಸ್ಪರ್ಶ ಅದು. ಸ್ಕ್ರ್ಯಾಚ್ ಮಾಡುವವರಿಗೆ ಸ್ವರ್ಗ. ಉಳಿದವರಿಗೆ ಸುಮ್ನೆ ಭಾರ.

ಲ್ಯಾಪ್‌ಟಾಪ್ ಬೇಡವೇ ಬೇಡ ಎನ್ನುವವರಿಗೆ ಎಕ್ಸ್‌ಡಿಜೆ-ಆರ್‌ಎಕ್ಸ್3, ಡೆನನ್ ಪ್ರೈಮ್ 4 ತರಹದ ಒಂಟಿಯಾಗಿ ನಡೆಯುವ ಯಂತ್ರಗಳಿವೆ. ಪೆನ್‌ಡ್ರೈವ್ ಚುಚ್ಚಿ ನುಡಿಸಬಹುದು. ಮೊದಲನೆಯದು ಎರಡು ಚಾನೆಲ್, ಎರಡನೆಯದು ನಾಲ್ಕು. ಬೆಲೆ ಜಾಸ್ತಿ. ಆದರೆ ಒಳ್ಳೆಯ ಕಂಟ್ರೋಲರ್ ಮತ್ತು ಹೊಸ ಲ್ಯಾಪ್‌ಟಾಪ್ ಎರಡನ್ನೂ ಕೊಳ್ಳಲು ಹೊರಟಿದ್ದರೆ ಎರಡರ ಮೊತ್ತವನ್ನು ಇದರ ಪಕ್ಕ ಇಟ್ಟು ನೋಡಿ. ಅಂತರ ಅಂದುಕೊಂಡಷ್ಟು ಇರುವುದಿಲ್ಲ.

ಲ್ಯಾಪ್‌ಟಾಪ್: ವೇಗಕ್ಕಿಂತ ನೆಮ್ಮದಿ

ಹಾಡು ನುಡಿಸುವಾಗ ಲ್ಯಾಪ್‌ಟಾಪ್ ಧ್ವನಿಯನ್ನು ಪುಟ್ಟ ಪುಟ್ಟ ಬುತ್ತಿ ಕಟ್ಟಿ ಸೌಂಡ್ ಕಾರ್ಡ್‌ಗೆ ಕಳಿಸುತ್ತದೆ. ಆ ಬುತ್ತಿಯೇ ಬಫರ್. ಒಂದು ಸೆಕೆಂಡಿನ ಧ್ವನಿ ಅಂದರೆ 44,100 ಸ್ಯಾಂಪಲ್, ಧ್ವನಿಯ ಪುಟ್ಟ ತುಣುಕುಗಳು. ಬಫರ್ 256 ಇಟ್ಟರೆ ಒಂದು ಬುತ್ತಿ ಸುಮಾರು 5.8 ಮಿಲಿಸೆಕೆಂಡ್ ಬಾಳುತ್ತದೆ. ಅಷ್ಟರೊಳಗೆ ಮುಂದಿನದು ತಲುಪಲೇಬೇಕು. ತಲುಪದಿದ್ದರೆ ಟಪ್ ಎಂಬ ಸದ್ದು ಸ್ಪೀಕರ್‌ನಲ್ಲಿ ಕೇಳುತ್ತದೆ. ಬಫರ್ ದೊಡ್ಡದು ಮಾಡಿದರೆ ಸುರಕ್ಷಿತ. ಆದರೆ ಗುಂಡಿ ಒತ್ತಿದ್ದಕ್ಕೂ ಸದ್ದು ಬರುವುದಕ್ಕೂ ನಡುವೆ ತಡವಾಗುತ್ತದೆ. 512ಕ್ಕೆ ಸುಮಾರು 11.6 ಮಿಲಿಸೆಕೆಂಡ್. ಬರೀ ಮಿಕ್ಸ್ ಮಾಡುವವರಿಗೆ ಇದು ಗೊತ್ತೇ ಆಗುವುದಿಲ್ಲ. ಸ್ಕ್ರ್ಯಾಚ್ ಮಾಡುವವರು 256 ಅಥವಾ 128ಕ್ಕೆ ಇಳಿಯಲು ಬಯಸುತ್ತಾರೆ.

ಇಲ್ಲಿ ತಿಳಿಯಬೇಕಾದ್ದು ಇಷ್ಟು. ಬುತ್ತಿ ತಡವಾಗುವುದು ಪ್ರೊಸೆಸರ್ ನಿಧಾನ ಎಂಬ ಕಾರಣಕ್ಕೆ ಮಾತ್ರ ಅಲ್ಲ. ಬೇರೆ ಯಾವುದೋ ಡ್ರೈವರ್ (ಲ್ಯಾಪ್‌ಟಾಪ್‌ನ ಒಂದೊಂದು ಭಾಗವನ್ನು ನಡೆಸುವ ಸಣ್ಣ ಪ್ರೋಗ್ರಾಂ) ನಡುವೆ ಬಾಯಿ ಹಾಕಿ ಪ್ರೊಸೆಸರನ್ನು ತಡೆದು ನಿಲ್ಲಿಸುವುದರಿಂದಲೂ ಹಾಗಾಗುತ್ತದೆ. ವಿಂಡೋಸ್‌ನಲ್ಲಿ ವೈಫೈ ಡ್ರೈವರ್‌ಗೆ ಈ ಅಭ್ಯಾಸ ಇದೆ. ನನಗೆ ಇದು ಗೊತ್ತಾದದ್ದು ಒಂದು ಕಾರ್ಯಕ್ರಮದ ಮಧ್ಯದಲ್ಲಿ. ಆಗಷ್ಟೇ ಕೊಂಡ ದುಬಾರಿ ಲ್ಯಾಪ್‌ಟಾಪ್. ಒಳ್ಳೆಯ ಪ್ರೊಸೆಸರ್, ಬೇಕಾದಷ್ಟು ರ‍್ಯಾಮ್. ಹತ್ತು ನಿಮಿಷಕ್ಕೊಮ್ಮೆ ಹಾಡು ಕ್ಷಣ ತಡವರಿಸುತ್ತಿತ್ತು. ಜನ ತಲೆ ಎತ್ತಿ ನನ್ನ ಕಡೆ ನೋಡುತ್ತಿದ್ದರು. ಆ ನೋಟ ಇನ್ನೂ ನೆನಪಿದೆ. ವೈಫೈ ಆಫ್ ಮಾಡಿದ ಮೇಲೆ ರಾತ್ರಿಯಿಡೀ ಒಂದು ಸಲವೂ ತಡವರಿಸಲಿಲ್ಲ. ನನ್ನ ಹಳೆಯ ಲ್ಯಾಪ್‌ಟಾಪ್ ಇದರ ಅರ್ಧ ವೇಗದ್ದು. ಅದರಲ್ಲಿ ಈ ತೊಂದರೆ ಎಂದೂ ಬಂದಿರಲಿಲ್ಲ.

ಲೇಟೆನ್ಸಿಮಾನ್ ಎಂಬ ಸಣ್ಣ ಉಪಕರಣ ವಿಂಡೋಸ್‌ಗೆ ಸಿಗುತ್ತದೆ. ಅದನ್ನು ಓಡಿಸಿದರೆ ಯಾವ ಡ್ರೈವರ್ ಎಷ್ಟು ಹೊತ್ತು ತಡೆಯುತ್ತಿದೆ ಎಂದು ತೋರಿಸುತ್ತದೆ. ಹೊಸದು ಕೊಳ್ಳುವ ಮೊದಲು ಈಗಿರುವ ಲ್ಯಾಪ್‌ಟಾಪ್ ಮೇಲೆ ಇದನ್ನು ಓಡಿಸಿ ನೋಡಿ. ಹೊಸದೇ ಬೇಡವಾಗಬಹುದು.

ಮ್ಯಾಕ್ ಮತ್ತು ವಿಂಡೋಸ್ ಪೈಕಿ ಯಾವುದು? ಎರಡರಲ್ಲೂ ನಾನು ನುಡಿಸಿದ್ದೇನೆ. ಮ್ಯಾಕ್‌ನಲ್ಲಿ ಧ್ವನಿಯ ವ್ಯವಸ್ಥೆ ಆಪರೇಟಿಂಗ್ ಸಿಸ್ಟಮ್ ಒಳಗೇ ಗಟ್ಟಿಯಾಗಿ ಕೂತಿದೆ. ತೆಗೆದು, ಪ್ಲಗ್ ಮಾಡಿ, ನುಡಿಸಬಹುದು. 2020ರ ನವೆಂಬರ್‌ನಲ್ಲಿ ಬಂದ ಎಂ1 ಚಿಪ್‌ನ ಮ್ಯಾಕ್‌ಬುಕ್ ಕೂಡ ಎರಡು ಡೆಕ್ ಕೆಲಸಕ್ಕೆ ಧಾರಾಳ ಸಾಕು. ವಿಂಡೋಸ್‌ನಲ್ಲಿ ಅದೇ ದುಡ್ಡಿಗೆ ಆಯ್ಕೆ ಜಾಸ್ತಿ, ರಿಪೇರಿ ಸುಲಭ, ಆದರೆ ನೀವು ಒಂದು ಸಂಜೆ ಕೂತು ಅದನ್ನು ಹದಕ್ಕೆ ತರಬೇಕು. ಕಂಟ್ರೋಲರ್ ಕಂಪನಿಯ ಆಸಿಯೊ ಡ್ರೈವರ್ (ಧ್ವನಿ ತಡವಾಗದಂತೆ ಮಾಡುವ ಡ್ರೈವರ್) ಹಾಕಿ. ಪವರ್ ಸೆಟ್ಟಿಂಗ್ ಪೂರ್ತಿ ಶಕ್ತಿಗೆ ಇಡಿ. ಯುಎಸ್‌ಬಿ ಪೋರ್ಟ್‌ಗಳು ನಿದ್ದೆಗೆ ಜಾರುವ ಸೆಟ್ಟಿಂಗ್ ಆಫ್ ಮಾಡಿ. ಇದಕ್ಕೆಲ್ಲ ತಾಳ್ಮೆ ಇದ್ದರೆ ವಿಂಡೋಸ್ ಯಾವುದರಲ್ಲೂ ಕಡಿಮೆ ಇಲ್ಲ. ತಾಳ್ಮೆ ಇಲ್ಲದಿದ್ದರೆ ಮ್ಯಾಕ್ ಕೊಳ್ಳಿ, ಸೆಕೆಂಡ್‌ಹ್ಯಾಂಡ್ ಆದರೂ ಸರಿ.

ಮ್ಯಾಕ್‌ಗೂ ಒಂದು ಅಪಾಯ ಇದೆ, ಅದರ ಹೆಸರು ಅಪ್‌ಡೇಟ್. 2019ರಲ್ಲಿ ಕ್ಯಾಟಲೀನಾ ಬಂದಾಗ ಐಟ್ಯೂನ್ಸ್ ಹೋಯಿತು, 32 ಬಿಟ್ ಪ್ರೋಗ್ರಾಂಗಳು ನಿಂತವು. ಐಟ್ಯೂನ್ಸ್ ಪ್ಲೇಲಿಸ್ಟ್‌ಗಳ ಮೇಲೆ ಸೆಟ್ ಕಟ್ಟಿಕೊಂಡಿದ್ದ ಡಿಜೆಗಳು ಪರದಾಡಿದರು. ಯಾವ ಸಿಸ್ಟಮ್ ಆದರೂ ಸರಿ, ದೊಡ್ಡ ಅಪ್‌ಡೇಟ್ ಬಂದ ವಾರವೇ ಹಾಕಬೇಡಿ. ನಿಮ್ಮ ಸಾಫ್ಟ್‌ವೇರ್ ಮತ್ತು ಕಂಟ್ರೋಲರ್ ಎರಡರ ಕಂಪನಿಗಳೂ ಸರಿ ಎಂದ ಮೇಲೆ ಹಾಕಿ.

ಎರಡು ಬಗೆಯ ಲ್ಯಾಪ್‌ಟಾಪ್‌ಗಳಿಂದ ದೂರ ಇರಿ ಎಂದು ನೇರವಾಗಿ ಹೇಳುತ್ತೇನೆ. ಒಂದು ಕ್ರೋಮ್‌ಬುಕ್. ಮುಖ್ಯ ಡಿಜೆ ಸಾಫ್ಟ್‌ವೇರ್‌ಗಳು ಅದಕ್ಕಾಗಿ ಬರೆದವಲ್ಲ. ಇನ್ನೊಂದು ಆರ್ಮ್ ಚಿಪ್‌ನ ವಿಂಡೋಸ್ ಲ್ಯಾಪ್‌ಟಾಪ್. ಬ್ಯಾಟರಿ ಅದ್ಭುತವಾಗಿ ಬಾಳುತ್ತದೆ, ನಿಜ. ಆದರೆ ಸಿಸ್ಟಮ್‌ನ ಆಳದಲ್ಲಿ ಕೂರುವ ಡ್ರೈವರ್‌ಗಳನ್ನು ಆರ್ಮ್‌ಗಾಗಿಯೇ ಬರೆಯಬೇಕು, ಹಳೆಯವು ಅಲ್ಲಿ ಓಡುವುದಿಲ್ಲ. ನಿಮ್ಮ ಕಂಟ್ರೋಲರ್‌ಗೆ ಅಂಥ ಡ್ರೈವರ್ ಇದೆ ಎಂದು ಕಂಪನಿಯೇ ಬರೆದಿದ್ದರೆ ಮಾತ್ರ ಕೊಳ್ಳಿ.

ಈಗ ಅಳತೆಗಳು. 8 ಜಿಬಿ ರ‍್ಯಾಮ್‌ನಲ್ಲಿ ನಡೆಯುತ್ತದೆ, 16 ಇದ್ದರೆ ನೆಮ್ಮದಿ. ಎಸ್‌ಎಸ್‌ಡಿ ಕಡ್ಡಾಯ. ಎಷ್ಟು ಜಾಗ ಎಂಬುದು ನಿಮ್ಮ ಹಾಡುಗಳ ಲೆಕ್ಕ. 320 ಕೆಬಿಪಿಎಸ್ ಎಂಪಿ3 ನಿಮಿಷಕ್ಕೆ ಸುಮಾರು 2.4 ಎಂಬಿ. ಐದು ನಿಮಿಷದ 5,000 ಹಾಡಿಗೆ 60 ಜಿಬಿ. ಅದೇ ವೇವ್ ಫೈಲ್ ಆದರೆ ನಿಮಿಷಕ್ಕೆ 10 ಎಂಬಿ ದಾಟುತ್ತದೆ, 250 ಜಿಬಿಗೂ ಜಾಸ್ತಿ ಬೇಕು. ಯುಎಸ್‌ಬಿ ಪೋರ್ಟ್ ಎರಡಾದರೂ ಇರಲಿ. ಕಂಟ್ರೋಲರನ್ನು ಹಬ್‌ಗೆ ಹಾಕದೆ ನೇರವಾಗಿ ಲ್ಯಾಪ್‌ಟಾಪ್‌ಗೆ ಹಾಕಿ.

ಹೆಚ್ಚಿನ ಶಕ್ತಿ ನಿಜವಾಗಿ ಬೇಕಾಗುವುದು ಒಂದೇ ಕಡೆ, ಸ್ಟೆಮ್ಸ್. ಹಾಡಿನಿಂದ ಗಾಯನ, ಡ್ರಮ್, ಬಾಸ್ ಬೇರೆ ಬೇರೆ ಮಾಡಿ ಆ ಕ್ಷಣದಲ್ಲೇ ನುಡಿಸುವ ವಿದ್ಯೆ. ಡಿಜೇ ಪ್ರೊ 2020ರಲ್ಲಿ ತಂದಿತು, ಸೆರಾಟೊ 2022ರ ಕೊನೆಗೆ. ಇದಕ್ಕೆ ಪ್ರೊಸೆಸರ್ ಬೆವರು ಸುರಿಸುತ್ತದೆ. ಇದರ ಆಸೆ ಇದ್ದರೆ 16 ಜಿಬಿ ರ‍್ಯಾಮ್, ಹೊಸ ತಲೆಮಾರಿನ ಪ್ರೊಸೆಸರ್ ಬೇಕೇ ಬೇಕು. ಫ್ಯಾನ್ ಇಲ್ಲದ ತೆಳು ಲ್ಯಾಪ್‌ಟಾಪ್‌ಗಳು, ಎಂ1 ನಂತರದ ಮ್ಯಾಕ್‌ಬುಕ್ ಏರ್ ಕೂಡ, ಬಿಸಿಯಾದಂತೆ ವೇಗ ತಗ್ಗಿಸಿಕೊಳ್ಳುತ್ತವೆ. ಕೋಣೆಯಲ್ಲಿ ತೊಂದರೆ ಇಲ್ಲ. ಬಿಸಿಲಲ್ಲಿ ನಾಲ್ಕು ಗಂಟೆ ಸ್ಟೆಮ್ಸ್ ಓಡಿಸುವವರಿಗೆ ಫ್ಯಾನ್ ಇರುವುದೇ ಮೇಲು.

ಹಾಡುಗಳು ನಿಮ್ಮ ಡಿಸ್ಕಿನಲ್ಲೇ ಇರಲಿ. ಸ್ಪಾಟಿಫೈ 2020ರ ಜುಲೈನಲ್ಲಿ ಡಿಜೆ ಸಾಫ್ಟ್‌ವೇರ್‌ಗಳಿಂದ ಹೊರನಡೆಯಿತು, ಮತ್ತೆ ಬಂದದ್ದು 2025ರಲ್ಲಿ. ನಡುವಿನ ಐದು ವರ್ಷ ಅದನ್ನೇ ನಂಬಿದ್ದವರ ಪ್ಲೇಲಿಸ್ಟ್ ಡಿಜೆ ಕೆಲಸಕ್ಕೆ ಬರಲಿಲ್ಲ. ಸ್ಟ್ರೀಮಿಂಗ್ ಹೊಸ ಹಾಡು ಹುಡುಕಲು ಚೆನ್ನ. ಜನರ ಮುಂದೆ ನಿಂತಾಗ ಫೈಲ್ ಕೈಯಲ್ಲಿರಬೇಕು.

ಸ್ಪೀಕರ್: ವ್ಯಾಟ್ ನೋಡಿ ಮೋಸ ಹೋಗಬೇಡಿ

ಮೊದಲು ಬ್ಲೂಟೂತ್ ವಿಷಯ ಮುಗಿಸೋಣ. ಮನೆಯಲ್ಲಿ ಒಳ್ಳೆಯ ಬ್ಲೂಟೂತ್ ಸ್ಪೀಕರ್ ಇದೆ, ಸಾಕಾಗಲ್ವಾ ಎಂದು ಕೇಳುತ್ತಾರೆ. ಸಾಕಾಗುವುದಿಲ್ಲ. ಬ್ಲೂಟೂತ್‌ನಲ್ಲಿ ಧ್ವನಿ 150-200 ಮಿಲಿಸೆಕೆಂಡ್ ತಡವಾಗಿ ಬರುವುದು ಮಾಮೂಲಿ. 128 ಬಿಪಿಎಂ ಹಾಡಿನಲ್ಲಿ ಒಂದು ಬೀಟ್‌ಗೆ ಸುಮಾರು 469 ಮಿಲಿಸೆಕೆಂಡ್. ಹತ್ತಿರ ಹತ್ತಿರ ಅರ್ಧ ಬೀಟ್ ಹಿಂದೆ ಬಿದ್ದ ಹಾಗೆ. ಹೆಡ್‌ಫೋನ್‌ನಲ್ಲಿ ಹೊಂದಿಸಿದ್ದು ಸ್ಪೀಕರ್‌ನಲ್ಲಿ ಚೆಲ್ಲಾಪಿಲ್ಲಿ ಕೇಳುತ್ತದೆ. ಆ ಸ್ಪೀಕರ್‌ಗೆ ಆಕ್ಸ್ ತೂತು ಇದ್ದರೆ ಕೇಬಲ್ ಹಾಕಿ ಸದ್ಯಕ್ಕೆ ಬಳಸಿ. ಕೇಬಲ್‌ನಲ್ಲೂ ತಡವಾಗುವ ಮಾದರಿಗಳಿವೆ, ಕಿವಿಗೊಟ್ಟು ನೋಡಿ.

ಆಮೇಲೆ ಉಳಿಯುವುದು ಎರಡು ದಾರಿ: ಸ್ಟುಡಿಯೊ ಮಾನಿಟರ್ ಅಥವಾ ಜನರ ಗುಂಪಿಗೆ ಕೇಳಿಸುವ ಪಿಎ ಸ್ಪೀಕರ್. ಎರಡೂ ಸ್ಪೀಕರ್‌ಗಳೇ, ಕೆಲಸ ಬೇರೆ.

ಮಾನಿಟರ್ ಹತ್ತಿರದಿಂದ ಕೇಳಲು ಮಾಡಿದ್ದು. ಯಮಹಾ ಎಚ್‌ಎಸ್5, ಕೆಆರ್‌ಕೆ ರೋಕಿಟ್ 5, ಜೆಬಿಎಲ್ 305ಪಿ ಇವೆಲ್ಲ 5 ಇಂಚಿನ ವೂಫರ್ (ಬಾಸ್ ನುಡಿಸುವ ದೊಡ್ಡ ಭಾಗ) ಇರುವವು. ಚಿಕ್ಕ ಕೋಣೆಗೆ 5 ಇಂಚು ಸಾಕು. ಎಚ್‌ಎಸ್5 ತೀರಾ ನೇರ ಸ್ವಭಾವದ್ದು, ಬಾಸ್ ಉಬ್ಬಿಸಿ ತೋರಿಸುವುದಿಲ್ಲ. ಅದರ ಕೆಳಮಿತಿ 54 ಹರ್ಟ್ಸ್ ಎಂದು ಬರೆದಿರುತ್ತದೆ, ಆದರೆ ಅದು ಧ್ವನಿ 10 ಡೆಸಿಬೆಲ್ ಇಳಿದ ಜಾಗದ ಅಳತೆ. ಕಿಕ್ ಡ್ರಮ್‌ನ ಹೊಟ್ಟೆ 50-60 ಹರ್ಟ್ಸ್ ಹತ್ತಿರವೇ ಇರುವುದರಿಂದ ಅದು ಮೆಲ್ಲಗೆ ಕೇಳುತ್ತದೆ. ನೃತ್ಯ ಸಂಗೀತಕ್ಕೆ ರೋಕಿಟ್‌ನ ತುಂಬಿದ ಬಾಸ್ ಇಷ್ಟಪಡುವವರು ಬಹಳ. ಮಿಕ್ಸ್‌ನ ತಪ್ಪು ಕಂಡುಹಿಡಿಯಬೇಕೆಂದರೆ ನಾನು ಎಚ್‌ಎಸ್5 ಕಡೆ. ಯಾವುದೇ ಇರಲಿ, ಎರಡು ಸ್ಪೀಕರ್ ಮತ್ತು ನಿಮ್ಮ ತಲೆ ಸಮ ತ್ರಿಕೋನದ ಮೂರು ಮೂಲೆಯಾಗಿರಲಿ, ಟ್ವೀಟರ್ (ಟ್ರೆಬಲ್ ನುಡಿಸುವ ಸಣ್ಣ ಭಾಗ) ಕಿವಿಯ ಎತ್ತರಕ್ಕೆ ಬರಲಿ. ಸ್ಪೀಕರನ್ನು ಗೋಡೆಯಿಂದ ಒಂದಿಷ್ಟು ದೂರ ಎಳೆದು ಇಟ್ಟರೆ ಬಾಸ್ ಗುಂಯ್‌ಗುಡುವುದು ಕಡಿಮೆಯಾಗುತ್ತದೆ. ಇದಕ್ಕೆ ದುಡ್ಡು ಬೇಡ.

ಮಾನಿಟರನ್ನು ಪಾರ್ಟಿಗೆ ಹೊತ್ತುಕೊಂಡು ಹೋಗಬೇಡಿ. ದೂರಕ್ಕೆ ಧ್ವನಿ ಎಸೆಯುವ ಶಕ್ತಿ ಅದಕ್ಕಿಲ್ಲ. ಜೋರು ಮಾಡಿದರೆ ಒಡೆಯುತ್ತದೆ, ಹಟ ಮಾಡಿದರೆ ಸುಡುತ್ತದೆ.

ಪಿಎ ಸ್ಪೀಕರ್ ಕೊಳ್ಳುವಾಗ ಆಂಪ್ಲಿಫೈಯರ್ ಒಳಗೇ ಇರುವ ಆಕ್ಟಿವ್ ಮಾದರಿ ಕೊಳ್ಳಿ. ಹೊರಗಿನ ಆಂಪ್ಲಿಫೈಯರ್ ಬೇಕಾದ ಪ್ಯಾಸಿವ್ ಸ್ಪೀಕರ್ ದೊಡ್ಡ ವ್ಯವಸ್ಥೆ ಕಟ್ಟುವವರಿಗೆ ಇರಲಿ. ಆಕ್ಟಿವ್‌ನಲ್ಲಿ ಆಂಪ್ಲಿಫೈಯರ್ ಆ ವೂಫರ್‌ಗೇ ಹೊಂದಿಸಿದ್ದಿರುತ್ತದೆ, ಮಿತಿ ಮೀರಿದರೆ ತಡೆಯುವ ಲಿಮಿಟರ್ ಕೂಡ ಇರುತ್ತದೆ.

ಡಬ್ಬದ ಮೇಲೆ 1000 ವ್ಯಾಟ್, 2000 ವ್ಯಾಟ್ ಎಂದು ದೊಡ್ಡದಾಗಿ ಬರೆದಿರುತ್ತದೆ. ಅದು ಬಹುತೇಕ ಪೀಕ್ ವ್ಯಾಟ್, ಕ್ಷಣಮಾತ್ರದ ಲೆಕ್ಕ. ಬಿಡದೆ ಕೊಡಬಲ್ಲ ಶಕ್ತಿ ಅದರ ಅರ್ಧವೋ ಇನ್ನೂ ಕಡಿಮೆಯೋ ಇರುತ್ತದೆ. ಅದೂ ಇರಲಿ, ವ್ಯಾಟ್ ಎರಡರಷ್ಟಾದರೆ ಧ್ವನಿ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡರಷ್ಟು ಜೋರು ಎನಿಸಲು ಸುಮಾರು 10 ಡೆಸಿಬೆಲ್ ಬೇಕು, ಅಂದರೆ ಹತ್ತು ಪಟ್ಟು ವ್ಯಾಟ್. ಆದ್ದರಿಂದ ಹೋಲಿಸಬೇಕಾದ್ದು ಮ್ಯಾಕ್ಸಿಮಮ್ ಎಸ್‌ಪಿಎಲ್ ಎಂಬ ಅಂಕಿ, ಅಂದರೆ ಸ್ಪೀಕರ್ ಎಷ್ಟು ಡೆಸಿಬೆಲ್‌ವರೆಗೆ ಕೂಗಬಲ್ಲದು ಎಂಬುದು. ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ ಧ್ವನಿ 6 ಡೆಸಿಬೆಲ್ ಇಳಿಯುತ್ತದೆ. 1 ಮೀಟರ್‌ನಲ್ಲಿ 126 ಇರುವ ಸ್ಪೀಕರ್ 8 ಮೀಟರ್‌ನಲ್ಲಿ 108. ಆ 126 ಕೂಡ ಕ್ಷಣದ ಗರಿಷ್ಠವೇ, ಹಾಗಾಗಿ ಇನ್ನೊಂದಿಷ್ಟು ಕಳೆಯಿರಿ. ನಿಮ್ಮ ಜಾಗದ ಕೊನೆಯ ಸಾಲಿಗೆ ಎಷ್ಟು ತಲುಪುತ್ತದೆ ಎಂದು ಹೀಗೆ ಬೆರಳಲ್ಲೇ ಲೆಕ್ಕ ಹಾಕಬಹುದು.

12 ಇಂಚಾ, 15 ಇಂಚಾ? ಬರೀ ಎರಡು ಸ್ಪೀಕರ್‌ನಲ್ಲೇ ಕೆಲಸ ಮುಗಿಸಬೇಕು, ಸಬ್‌ವೂಫರ್ ಕೊಳ್ಳುವ ಯೋಚನೆ ಇಲ್ಲ ಎಂದರೆ 15. ಮುಂದೆ ಸಬ್ ಸೇರಿಸುವುದು ಖಂಡಿತ ಎಂದರೆ 12. ಅವು ಹೊರಲು ಹಗುರ, ಗಾಯನ ಸ್ಪಷ್ಟ. ನಾನು 12ರ ಜೋಡಿಯಿಂದ ಶುರು ಮಾಡಿ ಆಮೇಲೆ ಒಂದು 18 ಇಂಚಿನ ಸಬ್ ಸೇರಿಸಿದೆ. ಸಬ್ ಬಂದ ದಿನ ಆದ ಬದಲಾವಣೆ ಬೇರೆ ಯಾವ ಸಾಮಾನಿನಿಂದಲೂ ಆಗಿಲ್ಲ. ಕುಣಿಯುವವರು ಬಾಸನ್ನು ಕಿವಿಗಿಂತ ಮೈಯಿಂದ ಕೇಳುತ್ತಾರೆ. ಸಬ್ ಕೆಳಗಿನ ಭಾರ ಹೊತ್ತ ಮೇಲೆ ಮೇಲಿನ ಸ್ಪೀಕರ್‌ಗಳೂ ಹಗುರಾಗಿ ಹಾಡುತ್ತವೆ.

ಸ್ಟ್ಯಾಂಡ್‌ಗೆ ದುಡ್ಡು ಉಳಿಸಬೇಡಿ. ಸ್ಪೀಕರನ್ನು ನೆಲದ ಮೇಲಿಟ್ಟರೆ ಮುಂದಿನ ಸಾಲಿನವರ ಮೈಯೇ ಟ್ರೆಬಲ್ ನುಂಗಿಬಿಡುತ್ತದೆ. ತಲೆಗಿಂತ ಮೇಲಕ್ಕೆ ಏರಿಸಿದರೆ ಅದೇ ಸ್ಪೀಕರ್ ಬೇರೆಯೇ ಆಗಿ ಕೇಳುತ್ತದೆ.

ಕೇಬಲ್ ಸಂಗತಿ ಇಷ್ಟೇ: ಆರ್‌ಸಿಎ ಕೇಬಲ್ ಐದಾರು ಮೀಟರ್ ಒಳಗೆ ಸರಿ. ಅದಕ್ಕಿಂತ ಉದ್ದ ಎಳೆದರೆ ಹೊರಗಿನ ಗದ್ದಲ ಹಿಡಿದುಕೊಳ್ಳುತ್ತದೆ, ಎಕ್ಸ್‌ಎಲ್‌ಆರ್ ಬೇಕು. ಚಾರ್ಜರ್ ಹಾಕಿದ ಕೂಡಲೇ ಸ್ಪೀಕರ್ ಗುಂಯ್ ಎನ್ನಲು ಶುರು ಮಾಡಿದರೆ ಅದು ಗ್ರೌಂಡ್ ಲೂಪ್ (ಬೇರೆ ಬೇರೆ ಅರ್ತ್ ದಾರಿಗಳ ನಡುವೆ ಕರೆಂಟ್ ಸುತ್ತುವುದು) ಇರಬಹುದು. ಎಲ್ಲವನ್ನೂ ಒಂದೇ ಪ್ಲಗ್ ಪಾಯಿಂಟ್‌ನಿಂದ ತೆಗೆದುಕೊಳ್ಳಿ. ಆದರೂ ಹೋಗದಿದ್ದರೆ ಮಧ್ಯೆ ಆ ಸುತ್ತನ್ನು ಕಡಿಯುವ ಒಂದು ಐಸೊಲೇಟರ್ ಅಥವಾ ಡಿಐ ಬಾಕ್ಸ್ ಹಾಕಿ. ಪ್ಲಗ್‌ನ ಅರ್ತ್ ಪಿನ್ ಮಾತ್ರ ಯಾವತ್ತೂ ಕೀಳಬೇಡಿ. ಅದು ಜೀವ ಕಾಯುವ ತಂತಿ.

ಹೆಡ್‌ಫೋನ್ ಮತ್ತು ಕಿವಿ

ಹೊರಗಿನ ಸದ್ದು ತಡೆಯುವ, ಹಿಂಬದಿ ಮುಚ್ಚಿದ ಹೆಡ್‌ಫೋನ್ ಬೇಕು. ವೈರ್ ಇರುವುದೇ ಬೇಕು, ಕಾರಣ ಮೇಲೆ ಹೇಳಿದ ಬ್ಲೂಟೂತ್ ಲೆಕ್ಕವೇ. ಸೆನ್‌ಹೈಸರ್ ಎಚ್‌ಡಿ 25 ಬಂದದ್ದು 1988ರಲ್ಲಿ. ಇವತ್ತಿಗೂ ಡಿಜೆಗಳ ಕತ್ತಿನಲ್ಲಿ ಅದು ಕಾಣುತ್ತದೆ. 140 ಗ್ರಾಂ ತೂಕ, ಒಂದು ಕಿವಿ ಹಿಂದಕ್ಕೆ ತಿರುಗಿಸಬಹುದು, ಕೇಬಲ್ ಹೋದರೆ ಕೇಬಲ್, ಪ್ಯಾಡ್ ಹೋದರೆ ಪ್ಯಾಡ್ ಬದಲಿಸಬಹುದು. ಕಿವಿಯ ಮೇಲೆ ಒತ್ತಿ ಕೂರುವುದು ಕೆಲವರಿಗೆ ನೋವು. ಅಂಥವರಿಗೆ ಕಿವಿಯನ್ನು ಪೂರ್ತಿ ಸುತ್ತುವ ಆಡಿಯೊ-ಟೆಕ್ನಿಕಾ ಎಟಿಎಚ್-ಎಂ50ಎಕ್ಸ್ ಹಿತ.

ಜೊತೆಗೆ ಒಂದು ಜೋಡಿ ಸಂಗೀತಗಾರರ ಇಯರ್‌ಪ್ಲಗ್ ಕೊಳ್ಳಿ. ಕೆಲಸಗಾರರ ಆರೋಗ್ಯದ ಬಗ್ಗೆ ಅಧ್ಯಯನ ಮಾಡುವ ಅಮೆರಿಕದ ನಿಯೋಶ್ ಸಂಸ್ಥೆಯ ಮಿತಿಯ ಪ್ರಕಾರ 85 ಡೆಸಿಬೆಲ್ ಧ್ವನಿಯನ್ನು ದಿನಕ್ಕೆ 8 ಗಂಟೆ ತಡೆದುಕೊಳ್ಳಬಹುದು. ಪ್ರತಿ 3 ಡೆಸಿಬೆಲ್‌ಗೆ ಸಮಯ ಅರ್ಧ. 100 ಡೆಸಿಬೆಲ್‌ಗೆ ಬರುವಾಗ ಉಳಿಯುವುದು 15 ನಿಮಿಷ. ನೀವು ನಿಲ್ಲುವುದು ಸ್ಪೀಕರ್ ಪಕ್ಕ, ನಾಲ್ಕು ಗಂಟೆ.

ದುಡ್ಡು ಹಂಚುವುದು

ಲ್ಯಾಪ್‌ಟಾಪ್ ಈಗಾಗಲೇ ಇದೆ, ಕಲಿಯಲು ಹೊರಟಿದ್ದೀರಿ ಎಂದುಕೊಳ್ಳೋಣ. ಕೈಯಲ್ಲಿರುವ ದುಡ್ಡಿನ ಅರ್ಧ ಕಂಟ್ರೋಲರ್‌ಗೆ, ಉಳಿದದ್ದರಲ್ಲಿ ಮೊದಲು ಹೆಡ್‌ಫೋನ್, ಆಮೇಲೆ ಮಾನಿಟರ್. ಮಾನಿಟರ್ ಎರಡು ತಿಂಗಳು ತಡವಾದರೂ ಪರವಾಗಿಲ್ಲ, ಹೆಡ್‌ಫೋನ್‌ನಲ್ಲೇ ಕಲಿಯಬಹುದು.

ಗೆಳೆಯರ ಪಾರ್ಟಿ, ಸಣ್ಣ ಸಭಾಂಗಣ ಎಂದರೆ ಕಂಟ್ರೋಲರ್ ಅದೇ ಸಾಕು. ಪಿಎ ಸ್ಪೀಕರ್ ಕೊಳ್ಳುವ ಮೊದಲು ನಾಲ್ಕೈದು ಸಲ ಬಾಡಿಗೆಗೆ ತನ್ನಿ. ಬೇರೆ ಬೇರೆ ಮಾದರಿ ತನ್ನಿ. ಯಾವುದು ನಿಮಗೆ ಹೊರಲು ಆಗುತ್ತದೆ, ಯಾವುದರ ಧ್ವನಿ ಒಗ್ಗುತ್ತದೆ ಎಂದು ಗೊತ್ತಾದ ಮೇಲೆ ಕೊಂಡರೆ ತಪ್ಪುವುದು ಕಡಿಮೆ.

ದುಡ್ಡಿಗೆ ನುಡಿಸುವವರು ಪ್ರತಿಯೊಂದಕ್ಕೂ ಎರಡನೆಯದೊಂದನ್ನು ಯೋಚಿಸಬೇಕು. ಎರಡನೇ ಲ್ಯಾಪ್‌ಟಾಪ್ ಆಗದಿದ್ದರೆ ಫೋನಿನಲ್ಲಿ ಒಂದು ಗಂಟೆಯ ತಯಾರಾದ ಮಿಕ್ಸ್ ಮತ್ತು ಅದನ್ನು ಮಿಕ್ಸರ್‌ಗೆ ಸೇರಿಸುವ ಕೇಬಲ್. ಯುಎಸ್‌ಬಿ ಕೇಬಲ್ ಎರಡು. ನನ್ನ ಅನುಭವದಲ್ಲಿ ಅತಿ ಹೆಚ್ಚು ಸಲ ಕೈಕೊಟ್ಟದ್ದು ಆ ಕೇಬಲ್‌ಗಳೇ.

ಎಲ್ಲ ಕೊಂಡು ತಂದ ಮೇಲೆ, ಅಂಗಡಿಗೆ ವಾಪಸ್ ಕೊಡುವ ಗಡುವು ಮುಗಿಯುವ ಮೊದಲೇ ಒಂದು ಪರೀಕ್ಷೆ ಮಾಡಿ. ಚಾರ್ಜರ್ ಹಾಕಿ, ಕಾರ್ಯಕ್ರಮಕ್ಕೆ ಜೋಡಿಸುವ ಹಾಗೆಯೇ ಎಲ್ಲ ಜೋಡಿಸಿ, ಮೂರು ಗಂಟೆ ಬಿಡದೆ ನುಡಿಸಿ. ಪೂರ್ತಿ ರೆಕಾರ್ಡ್ ಮಾಡಿಕೊಳ್ಳಿ. ಇನ್ನೊಂದು ಫೋನೋ ರೆಕಾರ್ಡರೋ ಕಂಟ್ರೋಲರ್ ಔಟ್‌ಪುಟ್‌ಗೆ ಹಾಕಿ ಮಾಡಿ, ಯಾಕೆಂದರೆ ಸಾಫ್ಟ್‌ವೇರ್ ಒಳಗಿನ ರೆಕಾರ್ಡಿಂಗ್‌ನಲ್ಲಿ ಸೌಂಡ್ ಕಾರ್ಡ್‌ನ ತಡವರಿಕೆ ಕೆಲವೊಮ್ಮೆ ಸಿಕ್ಕಿಬೀಳುವುದಿಲ್ಲ. ಮರುದಿನ ಹೆಡ್‌ಫೋನ್ ಹಾಕಿ ಕೇಳಿ. ಒಂದೇ ಒಂದು ಟಪ್ ಸದ್ದು ಸಿಕ್ಕರೂ ಬಫರ್ ಒಂದು ಮೆಟ್ಟಿಲು ಏರಿಸಿ, ವೈಫೈ ಆಫ್ ಮಾಡಿ, ಕೇಬಲ್ ಬದಲಿಸಿ, ಮತ್ತೆ ಮೂರು ಗಂಟೆ ನುಡಿಸಿ.